ಕಾರಿನ ಹೊಟ್ಟೆಯ ಕೆಳಗಿನ ಗಾಳಿ

1960ರ ದಶಕದ ರೇಸ್ ಕಾರುಗಳಷ್ಟು ಚೆಂದದ ಕಾರುಗಳು ಆಮೇಲೆ ಬರಲೇ ಇಲ್ಲ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಯಾರಾದರೂ ಆ ಮಾತನ್ನು ಮುಂದುವರಿಸಿ ‘ಮೈ ಎಷ್ಟು ನುಣುಪು ನೋಡಿ, ಹಾಗಾಗಿಯೇ ನೆಲಕ್ಕೆ ಅಂಟಿಕೊಂಡು ಓಡುತ್ತಿತ್ತು’ ಎಂದರೆ ಸುಮ್ಮನಿರಲು ಆಗುವುದಿಲ್ಲ. ಅಂಟಿಕೊಳ್ಳುತ್ತಿರಲಿಲ್ಲ. ಹಾರಲು ನೋಡುತ್ತಿದ್ದವು.

ಫೋರ್ಡ್ ಜಿಟಿ40 ಕಾರನ್ನೇ ನೋಡಿ. 1963ರಲ್ಲಿ ಫೆರಾರಿ ಕಂಪನಿಯನ್ನು ಕೊಳ್ಳಲು ಹೋದ ಫೋರ್ಡ್‌ಗೆ ಎಂಜೊ ಫೆರಾರಿ ಕೊನೆಗಳಿಗೆಯಲ್ಲಿ ಕೈಕೊಟ್ಟರು. ಆ ಸಿಟ್ಟಿಗೆ ಹುಟ್ಟಿದ ಕಾರು ಇದು. ನೆಲದಿಂದ ಚಾವಣಿಗೆ ಸುಮಾರು 40 ಇಂಚು, ಹೆಸರಿನಲ್ಲಿರುವ ಸಂಖ್ಯೆ ಅದೇ. 1964ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ಪರೀಕ್ಷಾ ಓಟಕ್ಕೆ ಇಳಿಸಿದಾಗ ವೇಗ ಏರಿದಂತೆ ಹಿಂಭಾಗ ಹಗುರಾಗಿ ಅತ್ತಿತ್ತ ಓಲಾಡಿತು. ಜೊ ಶ್ಲೆಸರ್ ಓಡಿಸಿದ್ದೂ ರಾಯ್ ಸಾಲ್ವಡೋರಿ ಓಡಿಸಿದ್ದೂ ಅಪಘಾತಕ್ಕೆ ಸಿಕ್ಕವು. ಬಾಲದಂಚಿಗೆ ಮೇಲ್ಮುಖವಾದ ಒಂದು ಪಟ್ಟಿ, ಅಂದರೆ ಸ್ಪಾಯ್ಲರ್, ಕೂರಿಸಿದ ಮೇಲೆ ಕಾರು ಮಾತು ಕೇಳತೊಡಗಿತು. 1966ರಿಂದ 1969ರವರೆಗೆ ಲ ಮಾನ್‌ನ 24 ಗಂಟೆಗಳ ಓಟವನ್ನು ಫೋರ್ಡ್ ಬಿಟ್ಟುಕೊಡಲಿಲ್ಲ. ಕೊನೆಯ ಎರಡು ಗೆಲುವುಗಳಂತೂ ಒಂದೇ ಕಾರಿನವು, ಚಾಸಿ ಸಂಖ್ಯೆ 1075.

ಹಾರುವುದೇಕೆ? ‘ಮೇಲಿನ ಗಾಳಿಗೆ ದಾರಿ ಉದ್ದ, ಕೆಳಗಿನ ಗಾಳಿಯ ಜೊತೆ ಒಂದೇ ಹೊತ್ತಿಗೆ ಹಿಂದಿನ ಅಂಚು ಮುಟ್ಟಬೇಕು, ಅದಕ್ಕೇ ಬೇಗ ಓಡುತ್ತದೆ’ ಎಂಬ ಉತ್ತರ ಇಂದಿಗೂ ತರಗತಿಗಳಲ್ಲಿ ಜೀವಂತವಾಗಿದೆ. ಒಟ್ಟಿಗೇ ಮುಟ್ಟಬೇಕೆಂದು ಗಾಳಿಗೆ ಯಾರು ಹೇಳಿದರು? ರೆಕ್ಕೆಯ ಮೇಲಿನ ಗಾಳಿ ನಿಜಕ್ಕೂ ಮೊದಲೇ ತಲುಪುತ್ತದೆ. ಅಸಲು ವಿಷಯ ಬಾಗುವಿಕೆಯದು. ಗಾಳಿ ಚಾವಣಿಯ ಬಾಗನ್ನು ಅನುಸರಿಸಿ ತಾನೂ ಬಾಗಬೇಕಾದರೆ ಅದನ್ನು ಒಳಗೆ ತಳ್ಳುವ ಬಲವೊಂದು ಬೇಕು. ಹೊರಗಡೆ ಒತ್ತಡ ಹೆಚ್ಚು, ಚಾವಣಿಗೆ ತಾಗಿದಲ್ಲಿ ಕಡಿಮೆ ಇದ್ದಾಗ ಮಾತ್ರ ಆ ಬಲ ಸಿಗುತ್ತದೆ. ಹೊರಗೆ ಇರುವುದು ವಾತಾವರಣದ ಮಾಮೂಲಿ ಒತ್ತಡ. ಹಾಗಾಗಿ ಚಾವಣಿಯ ಮೇಲೆ ಅದಕ್ಕಿಂತ ಕಡಿಮೆ ಇರಲೇಬೇಕು. ದುಂಡಗಿನ ಬೆನ್ನು, ಇಳಿಜಾರಿನ ಬಾಲ, ನಾವು ಚೆಲುವು ಎನ್ನುವ ಆ ರೇಖೆ, ವಿಮಾನದ ರೆಕ್ಕೆಯ ಮೇಲ್ಮೈಗೆ ಹತ್ತಿರದ ನೆಂಟ.

ಈಗ ಲೆಕ್ಕ ಮಾಡೋಣ, ನನಗೆ ಬಲು ಇಷ್ಟದ ಲೆಕ್ಕ. ಮೇಲಿನಿಂದ ನೋಡಿದರೆ ಇಂಥ ಕಾರು ಸುಮಾರು 7 ಚದರ ಮೀಟರ್ ಜಾಗ ಮುಚ್ಚುತ್ತದೆ. ವಾತಾವರಣ ಪ್ರತಿ ಚದರ ಮೀಟರನ್ನು ಸುಮಾರು 10 ಟನ್ ಭಾರದಷ್ಟು ಒತ್ತುತ್ತದೆ. ಅಂದರೆ ಕಾರನ್ನು ಮೇಲಿನಿಂದ 70 ಟನ್ ಒತ್ತುತ್ತಿದೆ, ಕೆಳಗಿನಿಂದಲೂ 70 ಟನ್. ಸರಿಸಮ ಬಲದ ಎರಡು ತಂಡಗಳ ಹಗ್ಗಜಗ್ಗಾಟವಿದು, ಒಂದು ಕಡೆ ಪುಟ್ಟ ಹುಡುಗನೊಬ್ಬ ಕೈಹಚ್ಚಿದರೂ ಹಗ್ಗ ಸರಿಯುತ್ತದೆ. ಮೇಲಿನ ಒತ್ತಡ ಶೇಕಡಾ ಒಂದರಷ್ಟು ಕುಗ್ಗಿದರೆ 700 ಕಿಲೋ ಮೇಲೆತ್ತುವ ಬಲ ಸಿಕ್ಕಿತು. ಕಾರಿನ ತೂಕವೇ ಸುಮಾರು ಒಂದು ಟನ್! ಒತ್ತಡ ಎಷ್ಟು ಕುಗ್ಗೀತು ಎಂಬುದಕ್ಕೆ ಅಳತೆಗೋಲು ಗಾಳಿಯ ಚಲನ ಒತ್ತಡ, ಅಂದರೆ ಬೀಸುವ ಗಾಳಿ ಎದುರಿಗೆ ಸಿಕ್ಕಿದ್ದನ್ನು ತಳ್ಳುವ ಒತ್ತಡ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ವಾತಾವರಣದ ಒತ್ತಡದ ಶೇಕಡಾ ಅರ್ಧವೂ ಅಲ್ಲ. 330 ಕಿ.ಮೀ.ಗೆ ಅದು ಶೇಕಡಾ 5ರ ಆಸುಪಾಸು. ವೇಗದ ವರ್ಗಕ್ಕೆ ತಕ್ಕಂತೆ ಏರುವ ಈ ಗುಣದಿಂದಲೇ ಊರೊಳಗೆ ಸಾಧುವಾಗಿದ್ದ ಕಾರು ಹೆದ್ದಾರಿಯಲ್ಲಿ ಬೇರೆಯೇ ಆಗುತ್ತದೆ.

2002ರ ಜನವರಿಯಲ್ಲಿ ಡೆಟ್ರಾಯಿಟ್ ಮೋಟಾರ್ ಪ್ರದರ್ಶನದಲ್ಲಿ ಫೋರ್ಡ್ ಹಳೆಯ ಜಿಟಿ40ರ ಹೊಸ ಅವತಾರ ತೋರಿಸಿದಾಗ ಎಂಜಿನಿಯರುಗಳಿಗೆ ಎದುರಾದ ತಲೆನೋವು ಇದು. ಆಕಾರ ಬದಲಿಸಿದರೆ ಅಭಿಮಾನಿಗಳು ಬಿಡುವುದಿಲ್ಲ, ಬದಲಿಸದಿದ್ದರೆ ಗಾಳಿ ಬಿಡುವುದಿಲ್ಲ. (ಹೆಸರೂ ಸಿಗಲಿಲ್ಲ. ‘ಜಿಟಿ40’ ಹಕ್ಕು ಒಹಾಯೊದ ಒಂದು ಸಣ್ಣ ಕಂಪನಿಯ ಬಳಿ ಇತ್ತು, ವ್ಯವಹಾರ ಕುದುರದೆ ಬರೀ ‘ಫೋರ್ಡ್ ಜಿಟಿ’ ಆಯಿತು. ಹೇಗೂ ಹೊಸ ಕಾರಿನ ಎತ್ತರ 44 ಇಂಚು.) ಮೇಲಿನ ರೇಖೆಗಳನ್ನು ಮುಟ್ಟದೆ ಅವರು ಹೊಟ್ಟೆಗೆ ಕೈ ಹಾಕಿದರು. ತಳವನ್ನು ಚಪ್ಪಟೆ ಹಲಗೆಯಿಂದ ಮುಚ್ಚಿ, ಹಿಂದಿನ ಚಕ್ರಗಳ ನಡುವೆ ಕ್ರಮೇಣ ಮೇಲೇರುವ ಸುರಂಗಗಳನ್ನು ಮಾಡಿದರು. ಕಾರಿನ ಅಡಿಯ ಕಿರಿದಾದ ಸಂದಿಯಲ್ಲಿ ಗಾಳಿ ವೇಗ ಪಡೆದು ಒತ್ತಡ ಕಳೆದುಕೊಳ್ಳುತ್ತದೆ, ಸುರಂಗದಲ್ಲಿ ಹರಡಿಕೊಂಡು ನಿಧಾನಿಸಿ ಹೊರಬೀಳುತ್ತದೆ. ಕೆಳಗಿನ ತಂಡವೂ ಸೋತರೆ ಲೆಕ್ಕ ಸರಿಹೋಯಿತಲ್ಲ! ಕಿರಿದಾದಲ್ಲಿ ಹರಿವಿನ ಒತ್ತಡ ಕುಗ್ಗುವುದನ್ನು ಇಟಲಿಯ ಭೌತವಿಜ್ಞಾನಿ ವೆಂಚೂರಿ 1797ರಲ್ಲೇ ಬರೆದಿಟ್ಟಿದ್ದರು. ರೇಸಿನಲ್ಲಿ ಅದನ್ನು ಪಳಗಿಸಿದ್ದು 1970ರ ದಶಕದ ಕೊನೆಯ ಲೋಟಸ್ ತಂಡ. 1978ರಲ್ಲಿ ಮಾರಿಯೊ ಆಂಡ್ರೆಟ್ಟಿ ಅಂಥ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದದ್ದು. ಹೀಗೆ 1960ರ ಮೈಗೆ 1970ರ ಹೊಟ್ಟೆ ಸೇರಿ 550 ಅಶ್ವಶಕ್ತಿಯ, ಗಂಟೆಗೆ 330 ಕಿ.ಮೀ. ಓಡುವ ಕಾರು ಬಂತು. ಬೆನ್ನ ಮೇಲೆ ದೊಡ್ಡ ರೆಕ್ಕೆಯಿಲ್ಲ.

ಹಳೆಯ ಚೆಲುವನ್ನಷ್ಟೇ ನಂಬಿದರೆ ಏನಾಗುತ್ತದೆಂಬುದಕ್ಕೆ 1998ರ ಆಡಿ ಟಿಟಿ ಸಾಕ್ಷಿ. ಹಿಂದಿನ ಕಾಲದ ದುಂಡು ಕಾರುಗಳನ್ನು ನೆನಪಿಸುವ ಮುದ್ದಾದ ಕಾರು. ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದ ಅಪಘಾತಗಳಾಗಿ ಜನ ಸತ್ತ ಮೇಲೆ ಕಂಪನಿ ಆ ಕಾರುಗಳಿಗೆ ಬಾಲಪಟ್ಟಿಯನ್ನೂ ಜಾರುವಿಕೆ ತಡೆಯುವ ವಿದ್ಯುನ್ಮಾನ ವ್ಯವಸ್ಥೆಯನ್ನೂ ಅಳವಡಿಸಬೇಕಾಯಿತು. ‘ಅಂದಗೆಟ್ಟಿತು’ ಎಂದು ಕೊರಗಿದವರೂ ಇದ್ದರು.

ಇದನ್ನು ಓದಿ ಯಾರೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹ್ಯಾಚ್‌ಬ್ಯಾಕ್‌ಗೆ ಪ್ಲಾಸ್ಟಿಕ್ ರೆಕ್ಕೆ ಹಾಕಿಸಬೇಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಒತ್ತುವುದು ಬಹಳವೆಂದರೆ ಐದಾರು ಕಿಲೋ. ಅದೂ ಎಂಜಿನ್ ತಿರುಗಿಸುವ ಮುಂದಿನ ಚಕ್ರಗಳ ಮೇಲಲ್ಲ, ಹಿಂದೆ.

ಹಳೆಯದನ್ನು ನೆನೆಯಲು ಇನ್ನೊಂದು ದಾರಿಯಿದೆ, ನನಗೆ ಹೆಚ್ಚು ಹಿಡಿಸುವುದು ಅದೇ. ರೂಪದ ಬದಲು ಉಪಾಯವನ್ನು ನಕಲು ಮಾಡುವುದು. ರೇಸ್ ಕಾರುಗಳ ವಿನ್ಯಾಸಕ ಗಾರ್ಡನ್ ಮರ್ರೆ 1978ರಲ್ಲಿ ಬ್ರಾಬಮ್ ರೇಸ್ ಕಾರಿನ ಹಿಂಭಾಗಕ್ಕೆ ಭಾರಿ ಫ್ಯಾನ್ ಕೂರಿಸಿ ತಳದ ಗಾಳಿಯನ್ನೇ ಹೀರಿಸಿದರು. ಚಲಿಸುವ ಭಾಗದಿಂದ ಕಾರನ್ನು ನೆಲಕ್ಕೊತ್ತುವುದಕ್ಕೆ ರೇಸಿನ ನಿಯಮ ಬಿಡುತ್ತಿರಲಿಲ್ಲ, ಹಾಗಾಗಿ ಅದು ಎಂಜಿನ್ ತಣ್ಣಗಿಡಲಿಕ್ಕೆ ಎಂಬುದು ತಂಡದ ವಾದ. ಸ್ವೀಡನ್ನಿನ ಓಟದಲ್ಲಿ ನಿಕಿ ಲಾಡಾ ಗೆದ್ದರು, ಎದುರಾಳಿಗಳು ರೊಚ್ಚಿಗೆದ್ದರು, ಕಾರು ಮತ್ತೆ ಕಣಕ್ಕಿಳಿಯಲಿಲ್ಲ. 2020ರಲ್ಲಿ ಅದೇ ಮರ್ರೆ ಅನಾವರಣ ಮಾಡಿದ ಟಿ.50 ರಸ್ತೆ ಕಾರಿನ ಹಿಂದೆ 40 ಸೆಂ.ಮೀ. ಅಗಲದ ಫ್ಯಾನ್ ಇದೆ. ಈ ಸಲ ಕೆಲಸ ಇನ್ನೂ ನಾಜೂಕು. ಹಿಂದಿನ ಸುರಂಗವನ್ನು ತೀರಾ ಕಡಿದಾಗಿ ಮಾಡಿದರೆ ಗಾಳಿ ಅದರ ಮೈಬಿಟ್ಟು ಸುಳಿಯಾಗುತ್ತದೆ, ಹೀರುವಿಕೆ ಹೋಗುತ್ತದೆ. ಮೈಗೆ ತಾಗಿರುವ ಸೋಮಾರಿ ಗಾಳಿಯ ತೆಳುಪದರವನ್ನಷ್ಟೇ ಫ್ಯಾನ್ ಎಳೆದು ತೆಗೆದರೆ, ಉಳಿದದ್ದು ಕಡಿದಾದ ಏರಿಗೂ ಅಂಟಿಕೊಂಡೇ ಹರಿಯುತ್ತದೆ. ಇದು ರೇಸ್ ಕಾರಲ್ಲವಾದ್ದರಿಂದ ಎಂಜಿನ್ ತಣಿಸುವ ನೆಪವೂ ಬೇಕಾಗಲಿಲ್ಲ.