ಬಾಯಿಪಾಠದ ಇಂಟ್ರೊಡಕ್ಷನ್ನು, ಬ್ಯಾಳಿ ಮಿಲ್ಲಿನ ಬೆಲ್ಟು

"ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂತ ಕೇಳಿದ ಕೂಡ್ಲೇ ಎದುರಿಗಿ ಕುಂತ ಹುಡುಗನ ಕಣ್ಣು ಸೀದಾ ಮ್ಯಾಲಿನ ಫ್ಯಾನ್ ಕಡಿ ಹೋಗ್ತಾವ ನೋಡ್ರಿ, ಅವಾಗೇ ನಮಗ ತಿಳೀತದ, ಇನ್ನ ಟೇಪ್ ಚಾಲೂ ಆಯ್ತಂತ. ಮೈಸೆಲ್ಫ್ ಇಂಥವ, ಕಮಿಂಗ್ ಫ್ರಂ ಕಲಬುರಗಿ, ಮೈ ಫಾದರ್ ಈಸ್ ಫಾರ್ಮರ್, ಮೈ ಹಾಬಿ ಈಸ್ ಪ್ಲೇಯಿಂಗ್ ಕ್ರಿಕೆಟ್, ಮೈ ಸ್ಟ್ರೆಂತ್ ಈಸ್ ಹಾರ್ಡ್ ವರ್ಕ್. ನಡುವ ಒಂದು ಶಬ್ದ ಮರೆತ್ರ ಮತ್ತ ಮೊದಲಿಂದ ಶುರು. ನಾ ಈ ಭಾಗದಾಗ ಎಚ್‌ಆರ್ ಕೆಲಸ ಮಾಡ್ಲಕತ್ತು 14 ವರ್ಷ ಆಯ್ತು, ದಿನಾ 20-25 ಮಂದಿ ಇಂಟರ್‌ವ್ಯೂ ಇದ್ದಾಗ ಸಂಜಿಗಿ ಲಿಸ್ಟ್ ಹಿಡಕೊಂಡು ಕುಂತ್ರ ಇವ್ರಾಗ ಯಾರ ಮಾರಿನೂ ನೆನಪಿಗಿ ಬರಲ್ಲ. ಎಲ್ಲರ ಅಪ್ಪನೂ ಫಾರ್ಮರ್, ಎಲ್ಲರ ಹಾಬಿನೂ ಕ್ರಿಕೆಟ್.

ನೆನಪು ಉಳದವ ಒಬ್ಬವ ಇದ್ದಾನ, ಅವನ ಕತಿ ಹೇಳ್ತೀನಿ. ಚಿಂಚೋಳಿ ಕಡಿಯಂವ, ಐಟಿಐ ಫಿಟರ್. ಸಿಮೆಂಟ್ ಪ್ಲಾಂಟಿನ ಮೆಂಟೆನೆನ್ಸ್‌ಗಿ ಬಂದಿದ್ದ. ಅವನೂ ಟೇಪೇ ಹಚ್ಚಿದ, ಮೂರನೇ ಲೈನಿಗಿ ಸಿಕ್ಕೊಂಡ, ಬೆವರು ಒರಸ್ಕೊಂಡ. ರೆಸ್ಯೂಮ್‌ನಾಗ ಐಟಿಐ ಮುಗದ ಮ್ಯಾಲ ಎರಡು ವರ್ಷ ಖಾಲಿ ಇತ್ತು. ಇಷ್ಟ ದಿನ ಏನ್ ಮಾಡ್ತಿದ್ದೆಪಾ ಅಂತ ಕನ್ನಡದಾಗ ಕೇಳ್ದೆ. "ಸುಮ್ನ ಇದ್ದೆ ಸರ್, ಕಪನೂರ್‌ದಾಗ ಬ್ಯಾಳಿ ಮಿಲ್ಲಿಗಿ ಹೋಗ್ತಿದ್ದೆ" ಅಂದ. ಸುಮ್ನ ಇದ್ದೆ ಅಂತ! ಮಿಲ್ಲಿನಾಗ ಏನ್ ಕೆಲಸ ಅಂತ ಕೇಳಿದ್ರ ಆವಾಗ ನೋಡ್ರಿ ಅವನ ಕೈ ಮ್ಯಾಲ ಬಂದ್ವು. ತೊಗರಿ ಮ್ಯಾಲ ಎತ್ತೋ ಬಕೆಟ್ ಎಲಿವೇಟರ್ ಮಳಿಗಾಲದಾಗ ಬೆಲ್ಟ್ ಸ್ಲಿಪ್ ಆಗ್ತಿತ್ತಂತ, ಎಲ್ಲರೂ ಟೈಟ್ ಮಾಡು ಟೈಟ್ ಮಾಡು ಅನ್ನೋರು, ಟೈಟ್ ಮಾಡಿದ್ರ ಮ್ಯಾಲಿನ ಪುಲ್ಲಿ ಬೇರಿಂಗ್ ಕೈ ಇಡ್ಲಿಕ್ಕಾಗದಷ್ಟು ಬಿಸಿ ಆಗ್ತಿತ್ತು, ಕಡೀಕ್ ಇವ ಬಿಚ್ಚಿ ನೋಡಿದ್ರ ಪುಲ್ಲಿ ಮ್ಯಾಲಿನ ರಬ್ಬರ್ ಸವದು ಕನ್ನಡಿ ಹಂಗ ನುಣ್ಣಗ ಆಗಿತ್ತಂತ. ಹೊಸ ರಬ್ಬರ್ ಹಾಕಿಸಿದ, ಬೆಲ್ಟ್ ಲೂಸ್ ಮಾಡಿದ, ಎರಡೂ ತ್ರಾಸ ಹೋದ್ವು. ಇದನ್ನ ಹೇಳೋ ಮುಂದ ಅವ ನಮ್ಮ ಟೇಬಲ್ ಮ್ಯಾಲಿನ ನೀರಿನ ಬಾಟ್ಲಿ ಅಡ್ಡ ಮಲಗಿಸಿ ಪುಲ್ಲಿ ಮಾಡಿ ತೋರಿಸ್ಲಕತ್ತಿದ್ದ, ನಮ್ಮ ಮೆಕ್ಯಾನಿಕಲ್ ಸಾಹೇಬ್ರು ಕುರ್ಚಿ ಮುಂದ ಎಳಕೊಂಡ್ರು. ಯಾಕಂದ್ರ ಸಿಮೆಂಟ್ ಪ್ಲಾಂಟಿನಾಗೂ ಬಕೆಟ್ ಎಲಿವೇಟರೇ ಇರ್ತದ, ಸೈಜ್ ದೊಡ್ಡದು ಅಷ್ಟೇ. ಅವ ಸೆಲೆಕ್ಟ್ ಆದ. ರೆಸ್ಯೂಮ್‌ನಾಗ ಯಾಕ ಬರದಿಲ್ಲಪಾ ಅಂದ್ರ "ಮಿಲ್ ಮಾಲಕ್ರು ಸರ್ಟಿಫಿಕೇಟ್ ಕೊಟ್ಟಿಲ್ಲ ಸರ್" ಅಂದ.

ನಮ್ಮ ಹುಡುಗೂರ ದೊಡ್ಡ ತಪ್ಪು ಇದೇ ನೋಡ್ರಿ, ಕೈಯಾರೆ ಮಾಡಿದ್ದು ಮುಚ್ಚಿಟ್ಟು ಇಂಟರ್‌ನೆಟ್‌ನಾಗ ಸಿಕ್ಕಿದ್ದು ಹೇಳ್ತಾರ. ಬೀದರ್, ಹುಮನಾಬಾದ್ ಕಡಿಯವ್ರು ಮನ್ಯಾಗ ಕನ್ನಡ, ಸಂತ್ಯಾಗ ಮರಾಠಿ, ಗೆಳ್ಯಾರ ಜೋಡಿ ಉರ್ದು ಹಿಂದಿ, ಗಡಿ ದಾಟಿದ್ರ ತೆಲುಗು ಮಾತಾಡ್ತಾರ, ರೆಸ್ಯೂಮ್‌ನಾಗ ಮಾತ್ರ ಇಂಗ್ಲಿಷ್, ಕನ್ನಡ ಎರಡೇ. ಹೈದರಾಬಾದ್‌ನಾಗೂ ಸೋಲಾಪುರದಾಗೂ ಮಾಲ್ ಮಾರೋ ಕಂಪನಿಗಿ ಇಂಥಾ ಸೇಲ್ಸ್ ಹುಡುಗ ಸಿಕ್ರ ಬಂಗಾರ ರೀ. ನಮ್ಮ ಹಿಂದಿ ದಖ್ಖನಿ ಆಗ್ತದ, ನಗ್ತಾರ ಅಂತ ಅಂಜಬ್ಯಾಡ್ರಿ, ಡೀಲರ್‌ಗಿ ಅದೇ ಬೇಕು.

ಗ್ಯಾಪ್ ಬಗ್ಗಿ ಖರೇ ಹೇಳ್ರಿ. ಈ ಭಾಗದಾಗ ಗ್ಯಾಪ್ ಇಲ್ಲದ ರೆಸ್ಯೂಮ್ ನಾ ನೋಡಿದ್ದೇ ಕಡಿಮಿ, ಯಾಕಂದ್ರ ಅರ್ಧ ಮಂದಿ ಕಾಂಪಿಟೇಟಿವ್ ಎಕ್ಸಾಂ ಓದ್ತಿರ್ತಾರ. 545 ಪಿಎಸ್‌ಐ ಹುದ್ದೆದ ಪರೀಕ್ಷೆ 2021ರ ಅಕ್ಟೋಬರ್‌ದಾಗ ಆಯ್ತು, ಅಕ್ರಮ ಹೊರಗ ಬಂತು, 2022ರ ಏಪ್ರಿಲ್‌ದಾಗ ರದ್ದಾಯ್ತು, ಮರುಪರೀಕ್ಷೆ ಆಗ್ಬೇಕಾದ್ರ 2024ರ ಜನವರಿ ಬಂತು. ನಿಯತ್ತಿಲೆ ಓದಿದವ್ರ ಎರಡೂಕಾಲು ವರ್ಷ ಅಲ್ಲೇ ಹೋಯ್ತು, ಇದು ಪ್ಯಾನೆಲ್‌ನಾಗ ಕುಂತ ನಮಗೂ ಗೊತ್ತದ. "ಪಿಎಸ್‌ಐ ಓದ್ದೆ ಸರ್, ಆಗ್ಲಿಲ್ಲ, ಈಗ ಬಿಟ್ಟೀನಿ" ಅಂದ್ರ ಮುಗೀತು. ಅದು ಬಿಟ್ಟು ಯಾವುದೋ ಕಂಪನಿ ಹೆಸರು ಹಾಕಿ ಸುಳ್ಳು ಎಕ್ಸ್‌ಪೀರಿಯನ್ಸ್ ತೋರಿಸಿದ್ರ ಎರಡನೇ ಪ್ರಶ್ನೆಗೇ ಬಿದ್ದು ಹೋಗ್ತದ. ಆದ್ರ "ಬಿಟ್ಟೀನಿ" ಅನ್ನೋದು ಖರೇ ಇರ್ಬೇಕು ಮತ್ತ, ಮೂರು ತಿಂಗಳಿಗಿ ಹಾಲ್ ಟಿಕೆಟ್ ಹಿಡಕೊಂಡು ರಜಾ ಕೇಳ್ಲಿಕ್ಕ ಬರ್ತಾರಲ್ಲ, ನಮಗ ಅಂಜಿಕಿ ಇರೋದು ಅದ್ರದ್ದು.

ಇನ್ನೊಂದದ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ, ಡಿ ಮತ್ತ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗಿ ಇಂಟರ್‌ವ್ಯೂನೇ ತಗದು ಹಾಕ್ತು. ಒಳ್ಳೇದೇ ಆಯ್ತು, ವಶೀಲಿ ಕಡಿಮಿ ಆಯ್ತು. ಆದ್ರ ನಾಕೈದು ವರ್ಷ ಬರೇ ಓಎಂಆರ್ ಶೀಟ್ ತುಂಬಿದ ಹುಡುಗಗ ಮೂರು ಮಂದಿ ಮುಂದ ಕುಂತು ಬಾಯಿ ಬಿಡೋದು ರೂಢಿನೇ ಇರಲ್ಲ. ಅದಕ್ಕ ನಾ ಹೇಳೋದು, ಮನ್ಯಾಗ ಅವ್ವನ ಮುಂದ ಕುಂತು ನೀ ಮಾಡಿದ ಒಂದು ಕೆಲಸ ಅಕಿಗಿ ತಿಳಿಯೋ ಹಂಗ ಹೇಳು. ಅವ್ವಗ ತಿಳದ್ರ ಪ್ಯಾನೆಲ್‌ಗೂ ತಿಳೀತದ. ಇಂಗ್ಲಿಷ್‌ನಾಗ ಎರಡು ಲೈನ್ ಹೇಳಿ "ಸರ್, ಇನ್ನ ಕನ್ನಡದಾಗ ಹೇಳ್ಲೇನ್ರಿ" ಅಂತ ಕೇಳಿದವ್ರಿಗಿ ಬ್ಯಾಡ ಅಂದಿದ್ದು ನನಗ ನೆನಪಿಲ್ಲ. ಐಟಿ ಕಂಪನಿ ಮಾತು ಬ್ಯಾರೆ, ಅಲ್ಲಿ ಇಂಗ್ಲಿಷ್ ಬೇಕೇ ಬೇಕು, ಸುಳ್ಳು ಯಾಕ ಹೇಳ್ಲಿ.

ನಮ್ಮ ಕಲ್ಯಾಣ ಕರ್ನಾಟಕದವ್ರಿಗಿ ಮೀಸಲಾತಿ ಕೊಡೋ 371ಜೆ ಸರ್ಟಿಫಿಕೇಟ್ ಫೈಲಿನ ಮೊದಲನೇ ಪೇಜಿಗಿ ಇಟ್ಟು ಬರ್ತಾರ ಭಾಳ ಮಂದಿ. ಅದು ಸರ್ಕಾರಿ ನೌಕರಿಗಿ, ಕಾಲೇಜ್ ಸೀಟಿಗಿ ರೀ. ಪ್ರೈವೇಟ್ ಇಂಟರ್‌ವ್ಯೂದಾಗ ಒಳಗ ಇಡ್ರಿ, ಮ್ಯಾಲ ಮಾರ್ಕ್ಸ್ ಕಾರ್ಡ್ ಇರ್ಲಿ.

ಬಟ್ಟಿ ಬಗ್ಗಿ ಏನ್ ಹೇಳೋದು, ಇಸ್ತ್ರಿ ಮಾಡಿದ ಅಂಗಿ ಸಾಕು. ಮೇ ತಿಂಗಳ ಕಲಬುರಗಿ ಬಿಸಿಲಿನಾಗ ಗೆಳ್ಯಾನ ಕೋಟ್ ಹಾಕ್ಕೊಂಡು ಬಂದವ್ರನ್ನ ನೋಡಿದ್ರ ನಮಗೇ ಮೈ ಕಾಯ್ತದ. ಒಂದ್ ತಾಸು ಮೊದಲೇ ಬರ್ರಿ, ಮಾರಿ ತೊಳ್ಕೊರಿ, ಫೋನ್ ಬಂದ್ ಮಾಡ್ರಿ. ನೌಕರಿ ಕೊಡಿಸ್ತೀನಿ ಅಂತ ರೊಕ್ಕ ಕೇಳಿದವ್ರ ಕಡಿ ಹೋಗಲೇಬ್ಯಾಡ್ರಿ.

ಇಷ್ಟೆಲ್ಲ ಹೇಳೋ ನಾನೂ ತಪ್ಪು ಮಾಡೀನಿ. ಹಿಂದಿನ ಕಂಪನ್ಯಾಗ ಇದ್ದಾಗ ಯಾದಗಿರಿ ಕಡಿ ಹುಡುಗಿ ಒಬ್ಬಾಕಿ ಅಕೌಂಟ್ಸ್‌ಗಿ ಬಂದಿದ್ಳು, ಇಡೀ ಇಂಟರ್‌ವ್ಯೂ ತಲಿ ತಗ್ಗಿಸಿಕೊಂಡೇ ಮಾತಾಡಿದ್ಳು, ನಾ ಶೀಟ್ ಮ್ಯಾಲ "ಕಾನ್ಫಿಡೆನ್ಸ್ ಇಲ್ಲ" ಅಂತ ಬರದೆ. ಎರಡು ವರ್ಷದ ಮ್ಯಾಲ ನಮ್ಮ ಬಿಲ್ಲಿನಾಗ ಜಿಎಸ್‌ಟಿ ತಪ್ಪು ಹಿಡದು ವಾಪಸ್ ಕಳಿಸಿದ್ದು ಇನ್ನೊಂದು ಕಂಪನಿಯಿಂದ ಅಕಿನೇ. ಹಿರ್ಯಾರ ಮುಂದ ತಲಿ ತಗ್ಗಿಸೋದು ನಮ್ಮ ಕಡಿ ಮರ್ಯಾದಿ, ಅದನ್ನ ನಾ ಅಂಜಿಕಿ ಅಂತ ಓದ್ಕೊಂಡಿದ್ದೆ, ನಾನೂ ಇದೇ ಮಣ್ಣಿನವ ಇದ್ದು. ಅವತ್ತಿಂದ ಆ ಶಬ್ದ ಬರಿಯೋದು ಬಿಟ್ಟೀನಿ. ಆದ್ರ ಎಲ್ಲ ಪ್ಯಾನೆಲ್‌ನವ್ರೂ ಬಿಟ್ಟಿಲ್ಲ, ಅದಕ್ಕ ಮಾತಾಡೋ ಮುಂದ ಕೇಳಿದವ್ರ ಮಾರಿ ನೋಡ್ರಿ.

ಕಡೀಕ್ "ನಿಮಗೇನರೆ ಕೇಳೋದದೇನು" ಅಂತ ಕೇಳ್ತೀವಿ. ನೂರಕ್ಕ ತೊಂಬತ್ತು ಮಂದಿ ನೋ ಸರ್ ಅಂತ ಎದ್ದು ಹೋಗ್ತಾರ. ಹೋದ ವರ್ಷ ಶಹಾಬಾದ್ ಕಡಿ ಹುಡುಗಿ, ಲ್ಯಾಬ್ ಕೆಮಿಸ್ಟ್‌ಗಿ ಬಂದಾಕಿ, "ಬಿ ಶಿಫ್ಟ್ ರಾತ್ರಿ ಹತ್ತಕ್ಕ ಬಿಡ್ತದಲ್ರಿ ಸರ್, ಕಂಪನಿ ಬಸ್ ಶಹಾಬಾದ್ ಕ್ರಾಸಿಗಿ ನಿಂದರ್ತದೋ ಇಲ್ಲಾ ಊರೊಳಗ ಬರ್ತದೋ" ಅಂತ ಕೇಳಿದ್ಳು. ಪ್ಯಾನೆಲ್‌ನಾಗ ಒಬ್ಬರು ನಕ್ಕರು. ನಾ ಟ್ರಾನ್ಸ್‌ಪೋರ್ಟ್‌ನವ್ರಿಗಿ ಅಲ್ಲೇ ಫೋನ್ ಹಚ್ಚಿ ಕೇಳ್ದೆ, ಕ್ರಾಸಿಗೇ ನಿಂದರ್ತದ ಅಂದ್ರು. ಅಕಿ ಡೈರಿ ತಗದು ಬರಕೊಂಡ್ಳು, "ಹಂಗಾದ್ರ ಅಣ್ಣಗ ಗಾಡಿ ತರ್ಲಿಕ್ಕ ಹೇಳ್ತೀನ್ರಿ, ಯಾವತ್ತಿಂದ ಬರ್ಬೇಕು" ಅಂದ್ಳು.