ಒಂದೇ ಜನವರಿ, ಎರಡು ಸಿನಿಮಾ: ಬೀಟಲ್ಸ್ ಅಭಿಮಾನಿಗಳ ಅರ್ಧ ಶತಮಾನದ ವಾಗ್ವಾದ

ಬ್ರಿಟನ್ನಿನ ರಾಕ್ ತಂಡ ಬೀಟಲ್ಸ್ ಕುರಿತು 'ಲೆಟ್ ಇಟ್ ಬಿ' ಮತ್ತು 'ದ ಬೀಟಲ್ಸ್: ಗೆಟ್ ಬ್ಯಾಕ್' ಎಂಬ ಎರಡು ಸಾಕ್ಷ್ಯಚಿತ್ರಗಳಿವೆ. ಎರಡರಲ್ಲೂ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಎಂಬ ಅವೇ ನಾಲ್ಕು ಮುಖಗಳು, 1969ರ ಅದೇ ಜನವರಿ ತಿಂಗಳು, ಬಹುಮಟ್ಟಿಗೆ ಅವೇ ಹಾಡುಗಳು. 1970ರಲ್ಲಿ ಮೊದಲನೆಯದನ್ನು ನೋಡಿದವರು, ಒಂದು ತಂಡ ಒಡೆಯುವುದನ್ನು ಕಣ್ಣಾರೆ ಕಂಡೆವು ಎಂದರು. 2021ರಲ್ಲಿ ಎರಡನೆಯದನ್ನು ನೋಡಿದವರು, ಅದೇ ತಂಡ ನಗುನಗುತ್ತ ಹಾಡು ಕಟ್ಟುವುದನ್ನು ಕಂಡೆವು ಎಂದರು. 2024ರಲ್ಲಿ ಮೊದಲನೆಯದು ಮತ್ತೆ ತೆರೆಗೆ ಬಂದಾಗ, ಇದು ಹೇಳುತ್ತ ಬಂದಷ್ಟು ಕಹಿಯಾಗಿಯೇನೂ ಇಲ್ಲವಲ್ಲ ಎಂದು ಅನೇಕರಿಗೆ ಅನಿಸಿತು. ಈ ಮೂರು ಮಾತುಗಳ ನಡುವೆ ಯಾವುದನ್ನು ನಂಬಬೇಕೆಂದು ತಿಳಿಯದವರು ಮೊದಲು ಆ ಜನವರಿಯಲ್ಲಿ ನಡೆದದ್ದೇನು, ಅದು ಜನರನ್ನು ತಲುಪಿದ್ದು ಯಾವಾಗ ಎಂಬುದನ್ನು ಬೇರೆಬೇರೆಯಾಗಿ ನೋಡಬೇಕು.

ಲಿವರ್‌ಪೂಲಿನ ಹುಡುಗರು ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ಪಳಗಿ, 1964ರಲ್ಲಿ ಅಮೆರಿಕವನ್ನು ಗೆದ್ದು, 1966ರಲ್ಲಿ ಪ್ರವಾಸಗಳನ್ನು ನಿಲ್ಲಿಸಿ, 1967ರಲ್ಲಿ ವ್ಯವಸ್ಥಾಪಕ ಬ್ರಯಾನ್ ಎಪ್‌ಸ್ಟೀನ್‌ರನ್ನು ಕಳೆದುಕೊಂಡು, 1968ರಲ್ಲಿ ಹೃಷೀಕೇಶಕ್ಕೆ ಹೋಗಿ ಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ. 1969ರ ಜನವರಿ 2ರಂದು ಅವರು ಲಂಡನ್ನಿನ ಟ್ವಿಕನ್‌ಹ್ಯಾಮ್ ಸಿನಿಮಾ ಸ್ಟುಡಿಯೊದಲ್ಲಿ ಸೇರಿದ್ದು ಹೊಸ ಹಾಡುಗಳ ತಾಲೀಮಿಗೆ. ಹಾಡುಗಳು ಸಿದ್ಧವಾದ ಮೇಲೆ ಜನರೆದುರು ಒಂದು ಕಛೇರಿ, ಅದರ ದೂರದರ್ಶನ ಪ್ರಸಾರ, ತಾಲೀಮಿನ ಚಿತ್ರೀಕರಣ ಎಂದೆಲ್ಲ ಯೋಜನೆಯಿತ್ತು. ನಿರ್ದೇಶಕ ಮೈಕೆಲ್ ಲಿಂಡ್ಸೆ-ಹಾಗ್. ಲಿಬಿಯಾದ ಪುರಾತನ ರೋಮನ್ ರಂಗಮಂದಿರದಲ್ಲಿ ಹಾಡೋಣ, ಹಡಗಿನಲ್ಲಿ ಅಭಿಮಾನಿಗಳನ್ನು ಕರೆದೊಯ್ಯೋಣ ಎಂಬ ಮಾತುಗಳೂ ನಡೆದವು. ರಿಂಗೋ ಸ್ಟಾರ್ ವಿದೇಶಕ್ಕೆ ಬರಲೊಲ್ಲೆ ಎಂದರು. ರಾತ್ರಿಯೆಲ್ಲ ದುಡಿದು ರೂಢಿಯಿದ್ದವರು ಬೆಳಗ್ಗೆ ಎದ್ದು, ಚಳಿಯ ಆ ದೊಡ್ಡ ಗೋದಾಮಿನಂಥ ಜಾಗದಲ್ಲಿ ಕ್ಯಾಮೆರಾದ ಮುಂದೆ ಹಾಡು ಹುಟ್ಟಿಸಬೇಕಿತ್ತು.

ಜಾರ್ಜ್ ಹ್ಯಾರಿಸನ್ ಆಗಷ್ಟೇ ಅಮೆರಿಕದ ವುಡ್‌ಸ್ಟಾಕ್‌ನಲ್ಲಿ ಗಾಯಕ ಬಾಬ್ ಡಿಲನ್ ಮತ್ತವರ ಜೊತೆಗಾರರೊಂದಿಗೆ ಸಮಾನರಾಗಿ ಕೂತು ನುಡಿಸಿ ಬಂದಿದ್ದರು. ಇಲ್ಲಿ ಅವರ ಹಾಡುಗಳು ಸರದಿಗೆ ಕಾಯಬೇಕಿತ್ತು. ಜನವರಿ 10ರಂದು ಅವರು ತಂಡ ಬಿಟ್ಟು ಹೊರನಡೆದರು. ಮಾತುಕತೆಯ ಬಳಿಕ ಮರಳಿದಾಗ ದೊಡ್ಡ ಕಛೇರಿಯ ಯೋಜನೆ ಬಿದ್ದುಹೋಗಿತ್ತು. ತಂಡ ಸವಿಲ್ ರೋ ಬೀದಿಯ ತಮ್ಮದೇ ಕಚೇರಿಯ ನೆಲಮಾಳಿಗೆಗೆ ಬಂದಿತು. ಹ್ಯಾಂಬರ್ಗ್ ದಿನಗಳಿಂದ ಪರಿಚಿತರಾದ ಅಮೆರಿಕದ ವಾದಕ ಬಿಲ್ಲಿ ಪ್ರೆಸ್ಟನ್ ಜನವರಿ 22ರಂದು ಕೀಬೋರ್ಡ್ ಮುಂದೆ ಕೂತರು. ಕೋಣೆಯ ಹವೆ ಅಂದೇ ಬದಲಾಯಿತು ಎಂಬುದನ್ನು ಯಾವ ಬಣದ ಅಭಿಮಾನಿಯೂ ಅಲ್ಲಗಳೆಯುವುದಿಲ್ಲ. ಜನವರಿ 30ರಂದು ಅದೇ ಕಟ್ಟಡದ ತಾರಸಿಯ ಮೇಲೆ ಹಾಡಿದರು, ಪೊಲೀಸರು ಬಂದರು, ಅದು ಅವರ ಕೊನೆಯ ಬಹಿರಂಗ ಕಛೇರಿಯಾಯಿತು.

ಗೊಂದಲದ ಬೇರು ಇರುವುದು ಇಲ್ಲಿಂದ ಮುಂದೆ. ಆ ಚಿತ್ರೀಕರಣ ಕೂಡಲೇ ಸಿನಿಮಾ ಆಗಲಿಲ್ಲ. ತಂಡ ಮತ್ತೆ ಸ್ಟುಡಿಯೊಗೆ ಹೋಗಿ 'ಅಬ್ಬೆ ರೋಡ್' ಆಲ್ಬಂ ಧ್ವನಿಮುದ್ರಿಸಿತು. ಅದು 1969ರ ಸೆಪ್ಟೆಂಬರ್‌ನಲ್ಲಿ ಹೊರಬಂದಿತು. ಅದೇ ತಿಂಗಳು ಜಾನ್ ಲೆನನ್ ತಾನು ಹೊರಡುತ್ತೇನೆಂದು ಗೆಳೆಯರಿಗೆ ಹೇಳಿದರು. ಆ ಮಾತು ಗುಟ್ಟಾಗಿಯೇ ಉಳಿಯಿತು. 1970ರ ಏಪ್ರಿಲ್ 10ರಂದು ಪಾಲ್ ಮೆಕಾರ್ಟ್ನಿಯವರ ಹೇಳಿಕೆ ಪತ್ರಿಕೆಗಳಲ್ಲಿ ಬಂದು ವಿಷಯ ಬಯಲಾಯಿತು. 'ಲೆಟ್ ಇಟ್ ಬಿ' ಸಿನಿಮಾ ತೆರೆಕಂಡದ್ದು ಮರುತಿಂಗಳು, ಮೇನಲ್ಲಿ. ಹದಿನಾರು ತಿಂಗಳ ಹಿಂದಿನ ದೃಶ್ಯಗಳನ್ನು ಪ್ರೇಕ್ಷಕರು ನಿನ್ನೆಯ ಬಿರುಕಿನ ಸಾಕ್ಷ್ಯವೆಂದು ನೋಡಿದರು. ಮೆಕಾರ್ಟ್ನಿ ಮತ್ತು ಹ್ಯಾರಿಸನ್ ನಡುವಿನ ಒಂದು ಚಿಕ್ಕ ವಾಗ್ವಾದ ಸಿನಿಮಾದಲ್ಲಿತ್ತು. ನೀನು ಏನು ನುಡಿಸು ಎಂದರೆ ಅದನ್ನು ನುಡಿಸುತ್ತೇನೆ, ಬೇಡವೆಂದರೆ ನುಡಿಸುವುದೇ ಇಲ್ಲ ಎಂಬರ್ಥದ ಹ್ಯಾರಿಸನ್ ಮಾತು ಇಡೀ ತಂಡದ ಮರಣಪತ್ರದಂತೆ ಉಲ್ಲೇಖಗೊಂಡಿತು. ಅದಾದ ಮೇಲೂ ಅವರು ಒಂದು ಶ್ರೇಷ್ಠ ಆಲ್ಬಂ ಮಾಡಿದ್ದರೆಂಬುದನ್ನು ಆ ದುಃಖದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಿಚಿತ್ರವೆಂದರೆ ಹ್ಯಾರಿಸನ್ ಹೊರನಡೆದ ಪ್ರಸಂಗವೇ ಆ ಸಿನಿಮಾದಲ್ಲಿರಲಿಲ್ಲ. ಬೀಟಲ್ಸ್ ತಾವೇ ಅದರ ನಿರ್ಮಾಪಕರಾಗಿದ್ದರು. ಏನಿರಬೇಕು ಏನಿರಬಾರದು ಎಂಬುದರಲ್ಲಿ ಅವರ ಮಾತೇ ನಡೆಯುತ್ತಿತ್ತು.

ನಾಲ್ವರಲ್ಲಿ ಒಬ್ಬರೂ ಮೊದಲ ಪ್ರದರ್ಶನಕ್ಕೆ ಬರಲಿಲ್ಲ. ಕ್ಯಾಮೆರಾ ಪಾಲ್ ಸುತ್ತಲೇ ಸುತ್ತಿತೆಂದು ಲೆನನ್ ಅದೇ ವರ್ಷದ ಡಿಸೆಂಬರ್‌ನ ಸಂದರ್ಶನದಲ್ಲಿ ದೂರಿದರು. ಹ್ಯಾರಿಸನ್ ಕೂಡ ಆ ದಿನಗಳನ್ನು ಕಹಿಯಾಗಿಯೇ ನೆನೆಯುತ್ತಿದ್ದರು. ಬೇರೆಯಾದ ಹೊಸತರಲ್ಲಿ, ಗಾಯ ಹಸಿಯಾಗಿದ್ದಾಗ ಆಡಿದ ಮಾತುಗಳು ಅವು. ಆದರೆ ಅಭಿಮಾನಿಗಳಿಗೆ ಅದೇ ಕೊನೆಯ ತೀರ್ಪಾಯಿತು.

1980ರ ದಶಕದ ಆರಂಭದಲ್ಲಿ ಈ ಸಿನಿಮಾ ವಿಡಿಯೊ ಕ್ಯಾಸೆಟ್ಟಾಗಿ ಬಂದು ಮಾಯವಾಯಿತು. ಡಿವಿಡಿ ಬರಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಅತಿ ಹೆಚ್ಚು ಹಾನಿ ಮಾಡಿದ್ದು ಈ ನಾಲ್ಕು ದಶಕಗಳ ಮುಚ್ಚಿದ ಬಾಗಿಲು. ಸಿನಿಮಾ ನೋಡದವರು ಕೂಡ ಅದು ಜಗಳದ ಸಿನಿಮಾ ಎಂದು ಖಚಿತವಾಗಿ ಹೇಳುತ್ತಿದ್ದರು. ಕಳ್ಳಪ್ರತಿಗಳು ಮಸುಕಾಗಿದ್ದವು. ಮಸುಕಾದ ಚಿತ್ರದಲ್ಲಿ ಮುಖಗಳು ಇನ್ನಷ್ಟು ಬಾಡಿದಂತೆ ಕಾಣುತ್ತಿದ್ದವು. ಇನ್ನೊಂದು ಕಡೆ, ಚಿತ್ರೀಕರಣದ ವೇಳೆ ಎರಡು ನಾಗ್ರಾ ಧ್ವನಿಮುದ್ರಣ ಯಂತ್ರಗಳು ಸರದಿಯಂತೆ ಓಡಿ ಹಿಡಿದಿಟ್ಟ ಧ್ವನಿ ಬೂಟ್‌ಲೆಗ್ ಅಂದರೆ ಅನಧಿಕೃತ ರೆಕಾರ್ಡುಗಳಾಗಿ ಹರಿದಾಡುತ್ತಿತ್ತು. ಕಳುವಾಗಿದ್ದ ಸುಮಾರು 500 ಸುರುಳಿಗಳು 2003ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಪೊಲೀಸರಿಗೆ ಸಿಕ್ಕವು. ಅವನ್ನು ಗಂಟೆಗಟ್ಟಲೆ ಆಲಿಸಿದ ಒಂದು ಸಣ್ಣ ಗುಂಪಿಗೆ ಆ ಕೋಣೆಯಲ್ಲಿ ಬೇಸರವೂ ಇತ್ತು, ನಗುವೂ ಇತ್ತು ಎಂದು ಮೊದಲಿನಿಂದ ಗೊತ್ತಿತ್ತು.

ಅರೆಬರೆ ಧ್ವನಿ ಎಂಥ ತಪ್ಪು ತಿಳಿವಳಿಕೆ ಹುಟ್ಟಿಸಬಲ್ಲದು ಎಂಬುದಕ್ಕೆ ನಮ್ಮ ಉಪಖಂಡಕ್ಕೆ ನೇರವಾಗಿ ತಾಗುವ ಉದಾಹರಣೆಯೇ ಇದೆ. 'ಗೆಟ್ ಬ್ಯಾಕ್' ಹಾಡಿನ ಆರಂಭದ ರೂಪದಲ್ಲಿ ಪಾಕಿಸ್ತಾನಿ ವಲಸಿಗರ ಉಲ್ಲೇಖವಿತ್ತು. 1968ರಲ್ಲಿ ಕೀನ್ಯಾದಿಂದ ಬರುತ್ತಿದ್ದ ಏಷ್ಯನ್ನರನ್ನು ತಡೆಯಲು ಬ್ರಿಟನ್ ಕಾನೂನು ತಂದಿತ್ತು. ರಾಜಕಾರಣಿ ಈನಾಕ್ ಪವೆಲ್ ವಲಸೆಯ ವಿರುದ್ಧ ಬರ್ಮಿಂಗ್‌ಹ್ಯಾಮ್‌ನಲ್ಲಿ ಉರಿಯುವ ಭಾಷಣ ಮಾಡಿದ್ದರು. ಬೀಟಲ್ಸ್ ಅದನ್ನು ಲೇವಡಿ ಮಾಡುತ್ತಿದ್ದರು. ಹಿನ್ನೆಲೆ ಕಳಚಿದ ಆ ತುಣುಕನ್ನು ಕೇಳಿದವರು ಇದು ಜನಾಂಗದ್ವೇಷದ ಹಾಡು ಎಂದುಕೊಂಡರು. 2021ರ ಚಿತ್ರದಲ್ಲಿ ಅಂದಿನ ಸುದ್ದಿಯ ಹಿನ್ನೆಲೆಯೊಂದಿಗೆ ಅದು ಬಂದಾಗ, ವರ್ಷಗಟ್ಟಲೆ ನಡೆದ ಆಪಾದನೆಯೊಂದು ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಂಡಿತು.

ಎರಡನೆಯ ಸಾಕ್ಷ್ಯಚಿತ್ರದ ನಿರ್ದೇಶಕ ಪೀಟರ್ ಜಾಕ್ಸನ್ ಕೈಗೆ ಸುಮಾರು 60 ಗಂಟೆಗಳ ದೃಶ್ಯ, 150 ಗಂಟೆಗಳ ಧ್ವನಿ ಸಿಕ್ಕವು. 2021ರ ನವೆಂಬರ್ 25ರಿಂದ ಮೂರು ದಿನ ಮೂರು ಭಾಗಗಳಾಗಿ 'ದ ಬೀಟಲ್ಸ್: ಗೆಟ್ ಬ್ಯಾಕ್' ಹೊರಬಂದಿತು. ಒಟ್ಟು ಎಂಟು ಗಂಟೆಗೆ ತುಸು ಕಡಿಮೆ. ಬಿಡುಗಡೆಯಾದ ಕೂಡಲೇ ಅಭಿಮಾನಿಗಳು ಮುಗಿಬಿದ್ದದ್ದು ಜನವರಿ 7ರ ಒಂದು ದೃಶ್ಯದ ಮೇಲೆ. ಲೆನನ್ ಇನ್ನೂ ಬಂದಿಲ್ಲ. ಮೆಕಾರ್ಟ್ನಿ ಬೇಸ್ ಗಿಟಾರಿನ ತಂತಿಗಳನ್ನು ಸುಮ್ಮನೆ ಬಾರಿಸುತ್ತ ಗುನುಗುತ್ತಾರೆ. ಹ್ಯಾರಿಸನ್ ಆಕಳಿಸುತ್ತಾರೆ, ಸ್ಟಾರ್ ನೋಡುತ್ತ ಕೂತಿದ್ದಾರೆ. ಶಬ್ದಗಳಿಲ್ಲದ ಆ ಗುನುಗು ಕೆಲವೇ ನಿಮಿಷಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವ 'ಗೆಟ್ ಬ್ಯಾಕ್' ಆಗಿ ಮೂಡುತ್ತದೆ. ಸಂಗೀತ ಕಟ್ಟುವವರು ಈ ದೃಶ್ಯವನ್ನು ಪದೇ ಪದೇ ನೋಡುತ್ತಾರೆ, ನಾನೂ ನೋಡುತ್ತೇನೆ. ಹಾಡೊಂದು ಇಲ್ಲದಿರುವಿಕೆಯಿಂದ ಇರುವಿಕೆಗೆ ಬರುವುದನ್ನು ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಂಡಿಲ್ಲ.

ಲೆನನ್ ಸಂಗಾತಿ ಯೋಕೊ ಓನೊ ಕುರಿತ ವಾದ ಮತ್ತೊಂದು. ತಂಡ ಒಡೆದದ್ದು ಅವರಿಂದ ಎಂಬ ಮಾತು ಐವತ್ತು ವರ್ಷ ಓಡಿತ್ತು. ಚಿತ್ರದಲ್ಲಿ ಅವರು ಹೆಚ್ಚಿನ ಹೊತ್ತು ಲೆನನ್ ಪಕ್ಕದಲ್ಲಿ ತಮ್ಮ ಪಾಡಿಗೆ ಕೂತಿರುತ್ತಾರೆ, ಪತ್ರಿಕೆ ಓದುತ್ತಾರೆ. ಇನ್ನೈವತ್ತು ವರ್ಷಗಳ ಬಳಿಕ ಜನ, ಯೋಕೊ ಆಂಪ್ಲಿಫೈಯರ್ ಮೇಲೆ ಕೂತದ್ದರಿಂದ ಬೀಟಲ್ಸ್ ಒಡೆದರು ಎಂದರೆ ಎಷ್ಟು ತಮಾಷೆಯಾಗಿರುತ್ತದೆ ಎಂದು ಸ್ವತಃ ಮೆಕಾರ್ಟ್ನಿ ಆಗಲೇ ಅಂದಿರುವುದು ಧ್ವನಿಯಲ್ಲಿದೆ. ಇದನ್ನು ಕೇಳಿ ತಾವು ನಂಬಿದ್ದನ್ನು ಬದಲಿಸಿಕೊಂಡವರು ಅನೇಕರು. ಯೋಕೊ ಇದ್ದದ್ದರಿಂದ ಕೋಣೆಯಲ್ಲಿ ಮುಜುಗರ ಇದ್ದೇ ಇತ್ತು, ಚಿತ್ರ ಅದನ್ನು ಮೃದುಗೊಳಿಸಿದೆ ಎನ್ನುವವರು ಇಂದಿಗೂ ಇದ್ದಾರೆ.

ಹ್ಯಾರಿಸನ್ ಅಭಿಮಾನಿಗಳ ನೋವು ಬೇರೆ ಬಗೆಯದು. 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಹಾಡನ್ನು ಅವರು ತಂದು ಮುಂದಿಟ್ಟರೂ ತಂಡ ಅದನ್ನು ಕೊನೆಮುಟ್ಟಿಸಲಿಲ್ಲ. ಅದೇ ಹೆಸರಿನ ಅವರ ಸ್ವಂತ ಆಲ್ಬಂ 1970ರಲ್ಲಿ ಬಂದು ಮೆರೆದದ್ದು ಗೊತ್ತಿರುವವರಿಗೆ ಆ ದೃಶ್ಯಗಳು ನೋಡಲಾರದಷ್ಟು ಕಷ್ಟ. ಕ್ಯಾಂಟೀನಿನ ಹೂಕುಂಡದೊಳಗೆ ಲಿಂಡ್ಸೆ-ಹಾಗ್ ಬಚ್ಚಿಟ್ಟಿದ್ದ ಮೈಕಿನಲ್ಲಿ ಲೆನನ್-ಮೆಕಾರ್ಟ್ನಿ ಮಾತುಕತೆ ಸೆರೆಯಾಗಿದೆ. ಜಾರ್ಜ್ ಮನಸ್ಸಿನ ಗಾಯ ಕೀವುಗಟ್ಟುವವರೆಗೆ ನಾವೇ ಬಿಟ್ಟೆವು ಎಂದು ಲೆನನ್ ಅಲ್ಲಿ ಒಪ್ಪಿಕೊಳ್ಳುತ್ತಾರೆ. ತಿಂಗಳ ಕೊನೆಗೆ ಹ್ಯಾರಿಸನ್ ತಮ್ಮದೇ ಒಂದು ಆಲ್ಬಂ ಮಾಡುವ ಆಸೆ ಹೇಳಿದಾಗ ಲೆನನ್ ಅಡ್ಡಿಪಡಿಸುವುದಿಲ್ಲ, ಹುರಿದುಂಬಿಸುತ್ತಾರೆ. ಒಬ್ಬನನ್ನು ಅಪರಾಧಿಯ ಕಟಕಟೆಗೆ ಹತ್ತಿಸಲು ಹೊರಟವರಿಗೆ ಈ ಎರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳುವುದು ಸುಲಭವಲ್ಲ.

ಆ ಹೂಕುಂಡ ಇನ್ನೊಂದು ಪ್ರಶ್ನೆಯನ್ನೂ ಎತ್ತಿತು. ಖಾಸಗಿ ಮಾತು ಯಂತ್ರಕ್ಕೆ ಕೇಳಿಸದಿರಲೆಂದು ಬೀಟಲ್ಸ್ ಬೇಕೆಂದೇ ಗಿಟಾರನ್ನು ಜೋರಾಗಿ ಮೀಟುತ್ತಿದ್ದರೆಂದು ಜಾಕ್ಸನ್ ಹೇಳಿದ್ದಾರೆ. ಜಾಕ್ಸನ್ ತಂಡ ಕಂಪ್ಯೂಟರಿಗೆ ಒಂದೊಂದು ವಾದ್ಯ, ಒಂದೊಂದು ಕಂಠದ ಗುರುತು ಕಲಿಸಿ ಗಿಟಾರನ್ನು ತೆಗೆದು ಮಾತನ್ನು ಉಳಿಸಿತು. ಮುಚ್ಚಿಟ್ಟ ಮಾತನ್ನು ಹೀಗೆ ಹೊರತೆಗೆಯುವುದು ಸರಿಯೇ? ನಾಲ್ವರಲ್ಲಿ ಲೆನನ್ ಮತ್ತು ಹ್ಯಾರಿಸನ್ ಈಗ ಬದುಕಿಲ್ಲ, ಅವರನ್ನು ಕೇಳುವಂತಿಲ್ಲ. ಕೇಳಿಸಿಕೊಂಡದ್ದಕ್ಕೆ ನನಗೆ ಸಂತೋಷವಿದೆ, ಆದರೆ ಆಕ್ಷೇಪಿಸುವವರ ಮಾತನ್ನು ತಳ್ಳಿಹಾಕಲಾರೆ. ಅದೇ ತಂತ್ರದಿಂದ ಲೆನನ್ ಅವರ ಹಳೆಯ ಕ್ಯಾಸೆಟ್ಟಿನ ಕಂಠವನ್ನು ಪಿಯಾನೊದಿಂದ ಬಿಡಿಸಿ 2023ರಲ್ಲಿ 'ನೌ ಅಂಡ್ ದೆನ್' ಹಾಡು ಹೊರತಂದಾಗ ಈ ಚರ್ಚೆ ಇನ್ನಷ್ಟು ಬಿಸಿಯೇರಿತು. ದೃಶ್ಯಗಳ ಕಣಕಣವಾದ ಫಿಲ್ಮ್ ಗುಣವನ್ನು ಅಳಿಸಿ ಚರ್ಮವನ್ನು ಮೇಣದಂತೆ ಮಾಡಿದ್ದಾರೆಂಬ ದೂರೂ ಇದೆ, ಅದರಲ್ಲಿ ಹುರುಳಿದೆ. ಎಂಟು ಗಂಟೆ ಅತಿಯಾಯಿತು ಎಂಬ ದೂರು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬೇಸರ, ಚಹಾ, ಹರಟೆ, ಅದೇ ಸಾಲಿನ ಇಪ್ಪತ್ತನೆಯ ಯತ್ನ, ಇವೆಲ್ಲ ಸೇರಿಯೇ ಧ್ವನಿಮುದ್ರಣ.

2024ರ ಮೇ 8ರಂದು ಹಳೆಯ 'ಲೆಟ್ ಇಟ್ ಬಿ' ಮರುಸಂಸ್ಕರಣಗೊಂಡು ಬಂದಿತು, ಜೊತೆಗೆ ಜಾಕ್ಸನ್ ಮತ್ತು ಲಿಂಡ್ಸೆ-ಹಾಗ್ ನಡುವಿನ ಸಂವಾದ. ಐದು ದಶಕ ಕತ್ತಲ ಸಿನಿಮಾ ಮಾಡಿದವರೆಂಬ ಹಣೆಪಟ್ಟಿ ಹೊತ್ತ ಹಿರಿಯ ನಿರ್ದೇಶಕರಿಗೆ ತಮ್ಮ ಕೆಲಸವನ್ನು ಜನ ಸ್ಪಷ್ಟ ಬಣ್ಣದಲ್ಲಿ ನೋಡುವ ಅವಕಾಶ ಸಿಕ್ಕಿತು. ಈಗ ಉಳಿದಿರುವ ಬೇಡಿಕೆ ಒಂದು. ಆ 150 ಗಂಟೆಗಳ ಧ್ವನಿಯ ಬಹುಭಾಗ ಅಧಿಕೃತವಾಗಿ ಹೊರಬಂದಿಲ್ಲ. ಯಾವ ನಿರ್ದೇಶಕನ ಆಯ್ಕೆಯೂ ಇಲ್ಲದೆ, ದಿನದಿಂದ ದಿನಕ್ಕೆ ಅನುಕ್ರಮವಾಗಿ ಅದನ್ನು ಬಿಡುಗಡೆ ಮಾಡಿ ಎಂದು ಸುರುಳಿಗಳನ್ನು ಬಲ್ಲ ಅಭಿಮಾನಿಗಳು ಕೇಳುತ್ತಿದ್ದಾರೆ. ನನ್ನ ದನಿಯೂ ಅವರ ಜೊತೆಗಿದೆ.