ಟೆಲಿಫೋಟೊ ಲೆನ್ಸ್ ಕೊಳ್ಳುವಾಗ ಕೊನೆಯ ಅಂಕಿಯೊಂದನ್ನೇ ನೋಡಬೇಡಿ

ಹವ್ಯಾಸಿ ಛಾಯಾಗ್ರಾಹಕರಿಗೆ ತರಬೇತಿ ನೀಡುವುದು ನನ್ನ ವೃತ್ತಿಯ ಒಂದು ಭಾಗ. ಒಮ್ಮೆ ಶಿಬಿರಕ್ಕೆ ಬಂದಿದ್ದ ಒಬ್ಬರು ತಮ್ಮ 150-600 ಮಿ.ಮೀ. ಜೂಮ್ ಲೆನ್ಸನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಏನೋ ದೋಷವಿದೆ, ಒಂದು ಚಿತ್ರವೂ ಸ್ಫುಟವಾಗಿ ಬರುತ್ತಿಲ್ಲ, ಇದನ್ನು ಮಾರಿ ಇನ್ನೂ ಉದ್ದದ್ದನ್ನು ತೆಗೆದುಕೊಳ್ಳಬೇಕೆಂದಿದ್ದೇನೆ ಎಂದರು. ಅವರ ಚಿತ್ರಗಳನ್ನೂ ಕ್ಯಾಮೆರಾ ದಾಖಲಿಸಿದ್ದ ವಿವರಗಳನ್ನೂ ಒಟ್ಟಿಗೆ ಕುಳಿತು ನೋಡಿದೆವು. ಹೆಚ್ಚಿನವು ನಡು ಮಧ್ಯಾಹ್ನ, ಕಾದ ಕೆಸರುಬಯಲಿನ ಆಚೆ, ಎಂಬತ್ತು ಮೀಟರ್‌ಗೂ ದೂರದಲ್ಲಿ ನಿಂತಿದ್ದ ಹಕ್ಕಿಗಳನ್ನು ಸೆಕೆಂಡಿನ 1/250ರ ಶಟರ್ ವೇಗದಲ್ಲಿ ತೆಗೆದವು. ನೆಲದಿಂದ ಏಳುವ ಬಿಸಿಗಾಳಿ ಬೆಳಕಿನ ದಾರಿಯನ್ನು ಕ್ಷಣಕ್ಷಣಕ್ಕೂ ಬಾಗಿಸುತ್ತಿರುವಾಗ ಜಗತ್ತಿನ ಅತ್ಯಂತ ದುಬಾರಿ ಲೆನ್ಸ್ ಕೂಡ ಗರಿಯ ಎಳೆಗಳನ್ನು ಬಿಡಿಸಿ ತೋರಿಸಲಾರದು. ಮರುದಿನ ಬೆಳಿಗ್ಗೆ ಅದೇ ಲೆನ್ಸಿನಲ್ಲಿ ಹನ್ನೆರಡು ಮೀಟರ್ ದೂರದಿಂದ ಅವರು ತೆಗೆದ ಚಿತ್ರದಲ್ಲಿ ಹಕ್ಕಿಯ ಕಣ್ಣೊಳಗೆ ಆಕಾಶದ ಪ್ರತಿಬಿಂಬ ಕಾಣುತ್ತಿತ್ತು.

ಕಡಿಮೆ ಖರ್ಚಿನಲ್ಲಿ ಟೆಲಿಫೋಟೊ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಕೊಳ್ಳಹೊರಟವರಲ್ಲಿ ಬಹುಪಾಲು ಮಂದಿ ಲೆನ್ಸಿನ ಮೇಲೆ ಬರೆದಿರುವ ಕೊನೆಯ ಅಂಕಿಯೊಂದನ್ನೇ, ಅಂದರೆ ಮಿಲಿಮೀಟರಿನಲ್ಲಿ ಹೇಳುವ ಗರಿಷ್ಠ ಫೋಕಲ್ ಲೆಂತನ್ನೇ, ಅಳತೆಗೋಲು ಮಾಡಿಕೊಳ್ಳುತ್ತಾರೆ. ಅದು ಹೆಚ್ಚಿದಷ್ಟೂ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ. 300ಕ್ಕಿಂತ 400 ಮೇಲು, 400ಕ್ಕಿಂತ 600 ಮೇಲು ಎಂಬ ಲೆಕ್ಕ ಪೂರ್ತಿ ತಪ್ಪಲ್ಲ, ಆದರೆ ಅಷ್ಟರ ಮೇಲೆ ನಿರ್ಧಾರ ಮಾಡಿದರೆ ಹಣ ತಪ್ಪು ಜಾಗಕ್ಕೆ ಹೋಗುತ್ತದೆ. ನಾವು ತೆಗೆಯಬಯಸುವ ಪ್ರಾಣಿ ಎಷ್ಟು ದೊಡ್ಡದು, ಅದು ನಮ್ಮನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ, ಅದು ಹೊರಗೆ ಕಾಣಿಸಿಕೊಳ್ಳುವ ಹೊತ್ತಿನಲ್ಲಿ ಬೆಳಕು ಎಷ್ಟಿರುತ್ತದೆ ಎಂಬುದು ಮೊದಲು ತಿಳಿಯಬೇಕು.

ಒಂದು ಸರಳ ಲೆಕ್ಕ ಮಾಡೋಣ. ಸುಮಾರು 15 ಸೆಂ.ಮೀ. ಉದ್ದದ ಗುಬ್ಬಚ್ಚಿಯೊಂದು 15 ಮೀಟರ್ ದೂರದಲ್ಲಿ ಕುಳಿತಿದೆ ಎಂದಿಟ್ಟುಕೊಳ್ಳಿ. 300 ಮಿ.ಮೀ. ಲೆನ್ಸ್ ಅದರ ಬಿಂಬವನ್ನು ಕ್ಯಾಮೆರಾದೊಳಗಿನ ಸೆನ್ಸರಿನ (ಬೆಳಕನ್ನು ಹಿಡಿಯುವ ಫಲಕದ) ಮೇಲೆ ಸುಮಾರು 3 ಮಿ.ಮೀ. ಉದ್ದಕ್ಕೆ ಮೂಡಿಸುತ್ತದೆ. 400 ಮಿ.ಮೀ. ಆದರೆ 4 ಮಿ.ಮೀ., 600 ಮಿ.ಮೀ. ಆದರೆ 6 ಮಿ.ಮೀ.ಗಿಂತ ತುಸು ಹೆಚ್ಚು. ಹವ್ಯಾಸಿಗಳಲ್ಲಿ ಹೆಚ್ಚಿನವರು ಬಳಸುವ ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಅಗಲ ಹೆಚ್ಚುಕಡಿಮೆ 23.5 ಮಿ.ಮೀ. ಇರುವುದರಿಂದ, 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆ ಹಕ್ಕಿಯ ಉದ್ದಕ್ಕೆ ಕ್ರಮವಾಗಿ ಸುಮಾರು 780, 1,050 ಮತ್ತು 1,600 ಪಿಕ್ಸೆಲ್‌ಗಳು ದಕ್ಕುತ್ತವೆ. 300ಕ್ಕೂ 600ಕ್ಕೂ ಇರುವ ಅಂತರ ನಿಜಕ್ಕೂ ದೊಡ್ಡದು. ಆದರೆ ಅದೇ 400 ಮಿ.ಮೀ. ಲೆನ್ಸಿನೊಡನೆ ನೀವು ಐದು ಮೀಟರ್ ಹತ್ತಿರವಾಗಿ, 10 ಮೀಟರ್ ದೂರದಿಂದ ತೆಗೆದರೆ ಸಿಗುವ ಬಿಂಬ 600 ಮಿ.ಮೀ. ಲೆನ್ಸ್ 15 ಮೀಟರಿನಿಂದ ಕೊಡುವ ಬಿಂಬದಷ್ಟೇ ದೊಡ್ಡದಾಗಿರುತ್ತದೆ. ಅದೂ ಅಲ್ಲದೆ ನಡುವೆ ಇರುವ ಗಾಳಿಯ ಪದರ ಮೂರರಲ್ಲೊಂದು ಭಾಗ ಕಡಿಮೆಯಾಗಿರುತ್ತದೆ. ಬಟ್ಟೆಯ ಮರೆಯಲ್ಲಿ ಅಥವಾ ನಿಂತ ವಾಹನದೊಳಗೆ ಅಲುಗಾಡದೆ ಕುಳಿತು, ಹಕ್ಕಿಯೇ ಹತ್ತಿರ ಬರಲು ಬಿಡುವ ತಾಳ್ಮೆಯನ್ನು ನಾನು 200 ಮಿ.ಮೀ.ಗೆ ಸಮ ಎಂದು ಎಣಿಸುವುದು ಈ ಕಾರಣಕ್ಕೆ. ಗೂಡಿನ ಹತ್ತಿರವಾಗಲಿ, ಮರಿಗಳಿರುವ ಪ್ರಾಣಿಯ ಹತ್ತಿರವಾಗಲಿ ಈ ಮಾತು ಸಲ್ಲದು. ಅಲ್ಲಿ ದೂರದಲ್ಲೇ ಉಳಿಯಬೇಕು, ಚಿತ್ರ ಸಿಗದಿದ್ದರೆ ಬಿಡಬೇಕು.

ಇಲ್ಲೇ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಎಪಿಎಸ್-ಸಿ ಸೆನ್ಸರಿನಲ್ಲಿ 300 ಮಿ.ಮೀ. ಲೆನ್ಸ್ 450 ಆಗಿಬಿಡುತ್ತದೆ ಎನ್ನುವುದುಂಟು. ಲೆನ್ಸ್ ಬದಲಾಗುವುದಿಲ್ಲ, ಅದು ಮೂಡಿಸುವ ಬಿಂಬವೂ ಹಿಗ್ಗುವುದಿಲ್ಲ. ಚಿಕ್ಕ ಸೆನ್ಸರು ಆ ಬಿಂಬದ ನಡುಭಾಗವನ್ನಷ್ಟೇ ಹಿಡಿಯುತ್ತದೆ. ಆದರೂ ಅಷ್ಟೇ ಪಿಕ್ಸೆಲ್‌ಗಳು ಚಿಕ್ಕ ಜಾಗದಲ್ಲಿ ಒತ್ತಾಗಿರುವುದರಿಂದ ದೂರದ ಹಕ್ಕಿಗೆ ಹೆಚ್ಚು ಪಿಕ್ಸೆಲ್ ಸಿಗುವುದು ನಿಜ: 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಚಿತ್ರವನ್ನು ಎಪಿಎಸ್-ಸಿ ಅಳತೆಗೆ ಕತ್ತರಿಸಿದರೆ ಉಳಿಯುವುದು ಹತ್ತೂವರೆ ಮೆಗಾಪಿಕ್ಸೆಲ್‌ನಷ್ಟು ಮಾತ್ರ. ಕಡಿಮೆ ಖರ್ಚಿನಲ್ಲಿ ವನ್ಯಜೀವಿ ಛಾಯಾಗ್ರಹಣ ಮಾಡಬಯಸುವವರು ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಆಸೆಪಡದೆ ಆ ಹಣವನ್ನು ಲೆನ್ಸಿಗೆ ಇಡಲಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಬೆಳಕಿನ ವಿಚಾರ. ಅಗ್ಗದ ಮತ್ತು ದುಬಾರಿ ಲೆನ್ಸ್‌ಗಳ ನಡುವಿನ ಬೆಲೆಯ ಕಂದಕಕ್ಕೆ ಮುಖ್ಯ ಕಾರಣ ಗಾಜಿನ ಗಾತ್ರ. ಫೋಕಲ್ ಲೆಂತನ್ನು ಅಪರ್ಚರ್ ಅಂಕಿಯಿಂದ (ಎಫ್/4, ಎಫ್/6.3 ಎಂದು ಬರೆಯುವುದು) ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. 600 ಮಿ.ಮೀ. ಎಫ್/4 ಲೆನ್ಸಿಗೆ ಅದು 150 ಮಿ.ಮೀ., ಎಫ್/6.3 ಲೆನ್ಸಿಗೆ ಸುಮಾರು 95 ಮಿ.ಮೀ. ಅಂದರೆ ಮೊದಲನೆಯದಕ್ಕೆ ಎರಡೂವರೆ ಪಟ್ಟು ವಿಸ್ತಾರದ ಗಾಜು ಬೇಕು. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಎರಕ ಹೊಯ್ದು ಉಜ್ಜಿ ನಯಗೊಳಿಸುವ ಖರ್ಚು ವಿಸ್ತಾರಕ್ಕಿಂತಲೂ ವೇಗವಾಗಿ ಏರುತ್ತದೆ, ಲೆನ್ಸಿನ ತೂಕ ಸುಮಾರು ಮೂರು ಕಿಲೊ ಮುಟ್ಟುತ್ತದೆ. ನಮ್ಮ ಕೈಗೆಟಕುವ ಲೆನ್ಸ್‌ಗಳು ಬಿಟ್ಟುಕೊಟ್ಟಿರುವುದು ಈ ಕಿಂಡಿಯ ಅಗಲವನ್ನು. ಚಿತ್ರದ ಸ್ಫುಟತೆಯಲ್ಲಿ ಅವು ಬಿಟ್ಟುಕೊಟ್ಟಿರುವುದು ಅದಕ್ಕಿಂತ ಬಹಳ ಕಡಿಮೆ.

ಇದರ ಪರಿಣಾಮ ಹೊತ್ತಾರೆ ಮತ್ತು ಸಂಜೆ, ಅಂದರೆ ಪ್ರಾಣಿಗಳು ಚಟುವಟಿಕೆಯಿಂದಿರುವ ಹೊತ್ತಿನಲ್ಲೇ ತಟ್ಟುತ್ತದೆ. ಎಫ್/5.6ರಲ್ಲಿ ಐಎಸ್‌ಒ 3200 (ಸೆನ್ಸರು ಬೆಳಕಿಗೆ ಸ್ಪಂದಿಸುವ ಮಟ್ಟ; ಏರಿಸಿದಷ್ಟೂ ಚಿತ್ರ ಒರಟಾಗುತ್ತದೆ) ಇಟ್ಟು 1/500ರಲ್ಲಿ ತೆಗೆಯಬಹುದಾದ ದೃಶ್ಯಕ್ಕೆ ಎಫ್/8ರಲ್ಲಿ ಐಎಸ್‌ಒ 6400, ಎಫ್/11ರಲ್ಲಿ 12800 ಬೇಕಾಗುತ್ತದೆ. ಎಫ್/5.6ಕ್ಕೂ ಎಫ್/6.3ಕ್ಕೂ ಇರುವ ವ್ಯತ್ಯಾಸ ಒಂದು ಸ್ಟಾಪಿನ (ಬೆಳಕು ಅರ್ಧವಾಗುವ ಅಥವಾ ಎರಡು ಪಟ್ಟಾಗುವ ಒಂದು ಮೆಟ್ಟಿಲಿನ) ಮೂರರಲ್ಲೊಂದು ಭಾಗ ಮಾತ್ರ. ಅದಕ್ಕಾಗಿ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ದಟ್ಟ ಕಾಡಿನ ನೆರಳಲ್ಲೇ ಹೆಚ್ಚು ತಿರುಗುವವರು ಎಫ್/8 ಅಥವಾ ಎಫ್/11ರ ಲೆನ್ಸ್ ಕೊಳ್ಳುವ ಮುನ್ನ ತಮ್ಮ ಕ್ಯಾಮೆರಾದಲ್ಲಿ ಐಎಸ್‌ಒ 12800ರ ಒಂದು ಚಿತ್ರ ತೆಗೆದು, ಅದನ್ನು ತಾವು ಒಪ್ಪುತ್ತೇವೆಯೇ ಎಂದು ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು. ಕ್ಯಾನನ್ ತನ್ನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಿಗಾಗಿ 2020ರಲ್ಲಿ ತಂದ ಆರ್‌ಎಫ್ 600 ಮತ್ತು 800 ಮಿ.ಮೀ. ಎಫ್/11 ಲೆನ್ಸ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. 600ರದು 930 ಗ್ರಾಂ, 800ರದು 1,260 ಗ್ರಾಂ. ಅಷ್ಟು ಹಗುರವಾಗಿ ಅಷ್ಟು ಫೋಕಲ್ ಲೆಂತ್ ಸಿಗುವುದೇ ಒಂದು ಸಾಧನೆ, ತೆರೆದ ಬಯಲು ಮತ್ತು ಒಳ್ಳೆಯ ಬಿಸಿಲಿನಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅವುಗಳ ಅಪರ್ಚರ್ ಎಫ್/11ರಲ್ಲೇ ಸ್ಥಿರ. ಹತ್ತಿರದ ಫೋಕಸ್ ಮಿತಿಯೂ ಕ್ರಮವಾಗಿ 4.5 ಮತ್ತು 6 ಮೀಟರ್ ಇರುವುದರಿಂದ ಕಾಲ ಬುಡದ ಚಿಟ್ಟೆಯನ್ನು ಅವುಗಳಿಂದ ತೆಗೆಯಲಾಗದು.

ಹವ್ಯಾಸಿಗಳ ಕೈಗೆ 600 ಮಿ.ಮೀ. ಬರಲು ದೊಡ್ಡ ತಿರುವು ಕೊಟ್ಟದ್ದು 2013ರ ಕೊನೆಗೆ ಟ್ಯಾಮ್ರಾನ್ ಪ್ರಕಟಿಸಿದ 150-600 ಮಿ.ಮೀ. ಎಫ್/5-6.3 ಜೂಮ್. ಅದರ ಹಿಂದೆಯೇ ಸಿಗ್ಮಾ ಅದೇ ವ್ಯಾಪ್ತಿಯ ಸ್ಪೋರ್ಟ್ಸ್ ಮತ್ತು ಕಂಟೆಂಪರರಿ ಎಂಬ ಎರಡು ಲೆನ್ಸ್‌ಗಳನ್ನು ತಂದಿತು. 2015ರಲ್ಲಿ ನಿಕಾನ್ 200-500 ಮಿ.ಮೀ. ಎಫ್/5.6 ಹೊರತಂದಿತು. ಸಿಗ್ಮಾ ಕಂಟೆಂಪರರಿ ಸುಮಾರು 1.9 ಕಿಲೊ, ನಿಕಾನ್ 2.3 ಕಿಲೊ, ಸಿಗ್ಮಾ ಸ್ಪೋರ್ಟ್ಸ್ 2.8 ಕಿಲೊಗಿಂತ ಹೆಚ್ಚು. ಇವೆಲ್ಲ ಇಂದು ಬಳಸಿದ ಲೆನ್ಸ್‌ಗಳ ಮಾರುಕಟ್ಟೆಯಲ್ಲಿ ಧಾರಾಳವಾಗಿ ದೊರೆಯುತ್ತವೆ. ಹಣಕ್ಕೆ ಇಷ್ಟು ಮೌಲ್ಯ ಕೊಡುವ ಬೇರೆ ಗುಂಪು ನನಗೆ ತಿಳಿದಿಲ್ಲ. ಹಾಗಿದ್ದೂ ಮೊದಲ ಲೆನ್ಸಾಗಿ ಇವನ್ನು ನಾನು ಎಲ್ಲರಿಗೂ ಸೂಚಿಸುವುದಿಲ್ಲ. ಕಾರಣ ತೂಕ. ಎರಡು ಕಿಲೊ ಲೆನ್ಸಿಗೆ ಕ್ಯಾಮೆರಾದ ತೂಕ ಸೇರಿದಾಗ ಮೊದಲ ಅರ್ಧ ಗಂಟೆ ಏನೂ ಅನ್ನಿಸದು. ಮೂರನೆಯ ಗಂಟೆಯ ಹೊತ್ತಿಗೆ ತೋಳು ನಡುಗುತ್ತದೆ, ಹಾರುವ ಹಕ್ಕಿಯನ್ನು ಹಿಂಬಾಲಿಸಲಾಗುವುದಿಲ್ಲ, ಕೆಲವು ತಿಂಗಳಲ್ಲಿ ಲೆನ್ಸ್ ಮನೆಯಲ್ಲೇ ಉಳಿಯತೊಡಗುತ್ತದೆ. ನನ್ನ ಬಳಿ ಕಲಿತವರಲ್ಲಿ ಇದು ಪದೇ ಪದೇ ನಡೆದಿರುವುದನ್ನು ಕಂಡಿದ್ದೇನೆ, ಬೇಸರಪಟ್ಟಿದ್ದೇನೆ.

ಆದ್ದರಿಂದ ನಡೆದು ತಿರುಗುವ ಹವ್ಯಾಸಿಗೆ ಮೊದಲ ಲೆನ್ಸಾಗಿ ನನ್ನ ಆಯ್ಕೆ ಒಂದು ಕಿಲೊ ಆಸುಪಾಸಿನ 100-400 ಮಿ.ಮೀ. ಜೂಮ್. 2017ರಲ್ಲಿ ಬಂದ ಸಿಗ್ಮಾ ಮತ್ತು ಟ್ಯಾಮ್ರಾನ್‌ಗಳ 100-400 ಲೆನ್ಸ್‌ಗಳು 1.1 ಕಿಲೊಗಿಂತ ಸ್ವಲ್ಪ ಹೆಚ್ಚಿವೆ. ಕ್ಯಾನನ್ನಿನ ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿ 2021ರಲ್ಲಿ ಬಂದ ಆರ್‌ಎಫ್ 100-400 ಎಫ್/5.6-8 ಕೇವಲ 635 ಗ್ರಾಂ, ಅದರಲ್ಲಿ ಒಂದು ಮೀಟರಿನೊಳಗಿನ ಚಿಟ್ಟೆಯನ್ನೂ ತೆಗೆಯಬಹುದು. ಮೈಕ್ರೊ ಫೋರ್ ಥರ್ಡ್ಸ್ (ಎಪಿಎಸ್-ಸಿಗಿಂತಲೂ ಚಿಕ್ಕ ಸೆನ್ಸರಿನ) ಕ್ಯಾಮೆರಾ ಇರುವವರಿಗೆ ಒಲಿಂಪಸ್‌ನ 75-300 ಮಿ.ಮೀ. ಲೆನ್ಸ್ 423 ಗ್ರಾಂ ತೂಕದಲ್ಲೇ ಫುಲ್‌ಫ್ರೇಮಿನ 600 ಮಿ.ಮೀ.ಗೆ ಸಮನಾದ ನೋಟ ಕೊಡುತ್ತದೆ. ಕ್ಯಾಮೆರಾದೊಡನೆ ಬಂದ 55-250 ಅಥವಾ 70-300 ಲೆನ್ಸ್ ಈಗಾಗಲೇ ಕೈಯಲ್ಲಿದ್ದರೆ, ಹೊಸದಕ್ಕೆ ಆತುರಪಡದೆ ಒಂದು ಋತುಮಾನವಿಡೀ ಅದರಲ್ಲೇ ತೆಗೆಯಿರಿ. ಆ ಚಿತ್ರಗಳನ್ನು ತೆರೆದು, ಎಷ್ಟು ಚಿತ್ರಗಳು ಗರಿಷ್ಠ ಜೂಮಿನಲ್ಲಿವೆ, ಎಷ್ಟನ್ನು ಅರ್ಧಕ್ಕಿಂತ ಹೆಚ್ಚು ಕತ್ತರಿಸಬೇಕಾಯಿತು, ಎಷ್ಟು ಚಿತ್ರಗಳು ಕಡಿಮೆ ಬೆಳಕಿನಿಂದ ಹಾಳಾದವು ಎಂದು ಎಣಿಸಿ. ನಿಮಗೆ ಬೇಕಿರುವುದು ಉದ್ದವೋ ಬೆಳಕೋ ಎಂಬುದನ್ನು ಆ ಎಣಿಕೆ ಯಾವ ವಿಮರ್ಶೆಗಿಂತಲೂ ನಿಖರವಾಗಿ ಹೇಳುತ್ತದೆ. ಹೆಚ್ಚಾಗಿ ವಾಹನದಿಂದಲೋ ಒಂದೇ ಮರೆಯಲ್ಲಿ ಕುಳಿತೋ ತೆಗೆಯುವವರ ಲೆಕ್ಕ ಬೇರೆ. ಅಲ್ಲಿ ಕಿಟಕಿಯ ಮೇಲೆ ಕಾಳು ತುಂಬಿದ ಚೀಲವೊಂದನ್ನು ಇಟ್ಟು ಲೆನ್ಸನ್ನು ಅದರ ಮೇಲೆ ಊರಿದರೆ ತೂಕ ಸಮಸ್ಯೆಯಾಗುವುದಿಲ್ಲ, 150-600 ಅಲ್ಲಿಗೆ ಹೇಳಿ ಮಾಡಿಸಿದ ಲೆನ್ಸ್.

ಟೆಲಿಕನ್ವರ್ಟರನ್ನು (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸೇರಿಸಿ ಬಿಂಬವನ್ನು ಹಿಗ್ಗಿಸುವ ಚಿಕ್ಕ ಲೆನ್ಸನ್ನು) ಅಗ್ಗದ ಜೂಮಿಗೆ ಸಿಕ್ಕಿಸುವ ಯೋಚನೆಯನ್ನು ಬಿಡಿ. 1.4 ಪಟ್ಟಿನ ಕನ್ವರ್ಟರ್ ಒಂದು ಸ್ಟಾಪ್ ಬೆಳಕನ್ನೂ 2 ಪಟ್ಟಿನದು ಎರಡು ಸ್ಟಾಪನ್ನೂ ತಿನ್ನುತ್ತದೆ. ಎಫ್/6.3 ಲೆನ್ಸ್ ಎಫ್/9 ಆದ ಮೇಲೆ, ಒಳಗೆ ಕನ್ನಡಿಯಿರುವ ಕ್ಯಾಮೆರಾಗಳಾದ ಹೆಚ್ಚಿನ ಡಿಎಸ್‌ಎಲ್‌ಆರ್‌ಗಳ ಆಟೊಫೋಕಸ್ ಕೈಕೊಡುತ್ತದೆ. 500 ಮಿ.ಮೀ. ಎಫ್/8ರ, ಒಳಗಿನ ಕನ್ನಡಿಗಳಿಂದ ಬೆಳಕನ್ನು ಮಡಿಸುವ ಕನ್ನಡಿ ಲೆನ್ಸ್‌ಗಳು ಬಹಳ ಅಗ್ಗವಾಗಿ ಸಿಗುತ್ತವೆ ನಿಜ, ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಕೈಯಿಂದಲೇ ಫೋಕಸ್ ಮಾಡಬೇಕು, ಹಿನ್ನೆಲೆಯ ಬೆಳಕಿನ ಚುಕ್ಕೆಗಳೆಲ್ಲ ಬಳೆಗಳಂತೆ ಕಾಣುತ್ತವೆ.

ಕಂಪನ ತಡೆಯುವ ವ್ಯವಸ್ಥೆಯ ಬಗ್ಗೆ ಜಾಹೀರಾತುಗಳು ಹೇಳುವಷ್ಟು ಭರವಸೆ ಇಡಬೇಡಿ. ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆ, ಹಕ್ಕಿಯ ಚಲನೆಯನ್ನಲ್ಲ. ನಿಂತು ಮೇಯುತ್ತಿರುವ ಜಿಂಕೆಗೆ 1/250 ಸಾಕಾಗಬಹುದು. ರೆಂಬೆಯ ಮೇಲೆ ಕುಳಿತೂ ತಲೆ ತಿರುಗಿಸುತ್ತಲೇ ಇರುವ ಚಿಕ್ಕ ಹಕ್ಕಿಗೆ 1/1000, ಹಾರುವ ಹಕ್ಕಿಗೆ 1/2000ರ ಸುತ್ತಮುತ್ತ ಬೇಕು. 1993ರಲ್ಲಿ ಬಂದ ಕ್ಯಾನನ್ ಇಎಫ್ 400 ಮಿ.ಮೀ. ಎಫ್/5.6 ಎಲ್ ಲೆನ್ಸಿನಲ್ಲಿ ಕಂಪನ ತಡೆಯೇ ಇಲ್ಲ. ಹಾಗಿದ್ದೂ ಅದರ ಚುರುಕಾದ ಫೋಕಸ್ ಮತ್ತು 1,250 ಗ್ರಾಂ ತೂಕದಿಂದಾಗಿ ಹಾರುವ ಹಕ್ಕಿಗಳ ಹವ್ಯಾಸಿಗಳು ದಶಕಗಳ ಕಾಲ ಅದನ್ನು ಮೆಚ್ಚಿ ಬಳಸಿದ್ದಾರೆ. ಬಳಸಿದ್ದು ಸಿಕ್ಕರೆ ಇಂದಿಗೂ ಕೊಳ್ಳಲು ಯೋಗ್ಯ.

ಕೊಳ್ಳುವ ಮುನ್ನ ಲೆನ್ಸ್ ನಿಮ್ಮ ಕ್ಯಾಮೆರಾದೊಡನೆ ಪೂರ್ತಿಯಾಗಿ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಮೌಂಟ್ (ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಬಳೆ) ಕೂಡಿಕೊಂಡಿತೆಂದರೆ ಎಲ್ಲವೂ ಹೊಂದಿತೆಂದಲ್ಲ. ನಿಕಾನ್ ಡಿ3500, ಡಿ5600ರಂಥ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನಲ್ಲೂ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳನ್ನು ಅವಕ್ಕೆ ತೊಡಿಸಿದರೆ ಆಟೊಫೋಕಸ್ ನಡೆಯುವುದಿಲ್ಲ. ಎಫ್‌ಟಿಜೆಡ್ ಎಂಬ ನಿಕಾನ್‌ನ ಅಡಾಪ್ಟರ್ ಮೂಲಕ ಅದರ ಮಿರರ್‌ಲೆಸ್‌ಗೆ ಹಾಕಿದರೂ ಅಷ್ಟೇ. ಇನ್ನೊಂದೆಡೆ, ಹೊಸ ಎಎಫ್-ಪಿ ಲೆನ್ಸ್‌ಗಳು ಡಿ90, ಡಿ7000ರಂಥ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಮಾಡಲಾರವು.

ಬಳಸಿದ ಲೆನ್ಸನ್ನು ಪರೀಕ್ಷಿಸುವ ಕ್ರಮ ಹೀಗೆ. ಮೊದಲು ಅಪರ್ಚರ್ ತೆರೆದಿಟ್ಟು, ಹಿಂಬದಿಯಿಂದ ಚಿಕ್ಕ ಟಾರ್ಚಿನ ಬೆಳಕು ಹಾಯಿಸಿ ಮುಂಬದಿಯಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ, ಆದರೆ ಜೇಡರ ಬಲೆಯ ಎಳೆಗಳಂತೆ ಹರಡಿದ ಬೂಷ್ಟು ಅಥವಾ ಮಂಜಿನಂಥ ಮಬ್ಬು ಕಂಡರೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಜೂಮನ್ನು ಪೂರ್ತಿ ತಿರುಗಿಸಿ, ಎಲ್ಲಾದರೂ ಮರಳು ಸಿಕ್ಕಂತೆ ತಡೆಯುತ್ತದೆಯೇ ನೋಡಿ. ಆಮೇಲೆ ನಿಮ್ಮದೇ ಕ್ಯಾಮೆರಾಕ್ಕೆ ತೊಡಿಸಿ, ಅಕ್ಷರಗಳಿರುವ ಹಾಳೆಯೊಂದನ್ನು ಹತ್ತು ಮೀಟರ್ ದೂರದ ಗೋಡೆಗೆ ನೇರವಾಗಿ ಅಂಟಿಸಿ, ಗರಿಷ್ಠ ಜೂಮಿನಲ್ಲಿ, ಪ್ರತಿ ಸಲವೂ ಫೋಕಸನ್ನು ಬೇಕೆಂದೇ ಕೆಡಿಸಿ ಮತ್ತೆ ಹಿಡಿಯುವಂತೆ ಮಾಡಿ ಇಪ್ಪತ್ತು ಚಿತ್ರ ತೆಗೆಯಿರಿ. ಹದಿನೆಂಟಾದರೂ ಒಂದೇ ಸಮನಾಗಿ ಸ್ಫುಟವಾಗಿರಬೇಕು. ಎಲ್ಲವೂ ಒಂದೇ ರೀತಿ ಮಬ್ಬಾಗಿದ್ದು, ಎಫ್/8ಕ್ಕೆ ಇಳಿಸಿದಾಗ ತಿಳಿಯಾದರೆ ಅದು ಇಂಥ ಜೂಮ್‌ಗಳ ಸಹಜ ಗುಣ, ಅದರೊಡನೆ ಬಾಳಬಹುದು. ಹಾಳೆಯ ಒಂದು ಪಕ್ಕ ಸ್ಫುಟವಾಗಿ, ಇನ್ನೊಂದು ಪಕ್ಕ ಎಫ್/8ರಲ್ಲೂ ಮಸುಕಾಗಿಯೇ ಇದ್ದರೆ ಒಳಗಿನ ಗಾಜು ಜರುಗಿದೆ ಎಂದರ್ಥ. ಲೆನ್ಸ್ ಒಮ್ಮೆ ಕೆಳಗೆ ಬಿದ್ದಿರಬಹುದು, ದುರಸ್ತಿಯ ಖರ್ಚು ಉಳಿತಾಯವನ್ನೆಲ್ಲ ನುಂಗುತ್ತದೆ. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಅಷ್ಟು ಹೊತ್ತು ಲೆನ್ಸನ್ನು ನಿಮ್ಮ ಕೈಗೆ ಕೊಡಲು ಒಪ್ಪದವರಿಂದ, ಅಥವಾ ದೂರದಿಂದ ತರಿಸುವಾಗ ಕೆಲವು ದಿನಗಳೊಳಗೆ ಹಿಂದಿರುಗಿಸುವ ಅವಕಾಶ ಕೊಡದವರಿಂದ ಕೊಳ್ಳಬೇಡಿ.